ಘನಫೂಟು ಅಂದ್ರ ಏನು? ಒಂದು ಚೌಕಟ್ಟಿನ ಲೆಕ್ಕ

ಮುದ್ದೇಬಿಹಾಳದಿಂದ ಮಾತಾಡ್ತಿದೀನಿ. ಮನಿ ಕಟ್ಟುವಾಗ ಕಟಿಗಿ ಅಡ್ಡೆಯವರು ಚೀಟಿ ಕೊಟ್ಟರು: ಬಾಗಿಲ ಚೌಕಟ್ಟು ಒಂದು, 2.29 ಘನಫೂಟು. ಬಿ.ಕಾಂ ಓದಿದವನಿಗೂ ಅದು ಎಲ್ಲಿಂದ ಬಂತು ಅಂತ ತಿಳೀಲಿಲ್ಲ.

ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ದಪ್ಪದ ಕಟಿಗಿ ಅಂದ್ರ ಒಂದು ಘನಫೂಟು. ಬಿಲ್ಲಿನಲ್ಲಿ ಸಿಎಫ್‌ಟಿ ಅಂತ ಬರೀತಾರೆ. ಉದ್ದವನ್ನ ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನ ಇಂಚಿನಲ್ಲಿ ಹಿಡಿದು, ಮೂರನ್ನೂ ಗುಣಿಸಿ 144ರಿಂದ ಭಾಗಿಸಬೇಕು. ನಮ್ಮದು ಹೊಸ್ತಿಲು ಸೇರಿ 22 ಅಡಿ, ಅಗಲ 5 ಇಂಚು, ದಪ್ಪ 3 ಇಂಚು. 330 ಬಂತು, ಭಾಗಿಸಿದ್ರ 2.29. ಲೆಕ್ಕ ಸರಿ!

ಬಡಿಗ್ಯಾರ ಕಾಕಾ ಮಾತ್ರ ನಕ್ಕರು. "ತಮ್ಮಾ, ಟೇಪ್ ಹಿಡಿ." ಹಿಡಿದೆ. ಅಗಲ 4.75, ದಪ್ಪ 2.75. ಗರಗಸಕ್ಕೂ ರಂದಾಕ್ಕೂ ಕಾಲಿಂಚು ಹೋಗಿತ್ತು. ಮನಿಗೆ ಬಂದದ್ದು 2 ಘನಫೂಟು ಅಷ್ಟೇ. ಘನಫೂಟಿಗೆ 3,000 ರೂಪಾಯಿ ಅಂತ ಹಿಡೀರಿ, ಹೊಟ್ಟಿಗೇ ಸುಮಾರು 900 ಹೋಯ್ತು!

ಇದನ್ನ ಮೋಸ ಅನ್ನಲಾರೆ, ಕೊಯ್ದರೆ ಕಟಿಗಿ ಸವೆಯೋದೇ. ಆದ್ರ ಅಳತೆ ಕೊಯ್ಯುವ ಮೊದಲಿನದೋ, ರಂದಾ ಹೊಡೆದ ಮೇಲಿನದೋ ಅಂತ ದರ ಮಾತಾಡುವಾಗಲೇ ಕೇಳ್ರಿ. ಎರಡನೇ ಚೌಕಟ್ಟಿಗೆ ನಾನು ಕೇಳಿದೆ. ಚೀಟಿಯಲ್ಲಿ 2 ಅಂತ ಬರೆದ್ರು. ದರ ಮಾತ್ರ ತುಸು ಏರಿಸಿದ್ರು.