ಹಿಂದಕ್ಕೆ ಹರಿಯುವ ನೀರು

ಗಂಗಾ ಸ್ನಾನ, ತುಂಗಾ ಪಾನ ಎಂಬುದು ಶಿವಮೊಗ್ಗದವರು ಹೆಮ್ಮೆಯಿಂದ ಹೇಳುವ ಮಾತು. ಆ ತುಂಗೆಯ ನೀರನ್ನೇ ಸೋಸಿ, ಕ್ಲೋರಿನ್ ಬೆರೆಸಿ ನಮ್ಮ ನಲ್ಲಿಗಳಿಗೆ ಬಿಡುತ್ತಾರೆ. ಭದ್ರಾವತಿಯವರಿಗೆ ಭದ್ರೆಯ ನೀರು. ಎರಡೂ ಸಿಹಿ ನೀರು. ಹಾಗಿದ್ದೂ ಮಳೆಗಾಲ ಬಂತೆಂದರೆ ವಾಂತಿಭೇದಿ, ಟೈಫಾಯ್ಡ್, ಕಾಮಾಲೆಯ ಭಯ ಯಾವ ಮನೆಯನ್ನೂ ಬಿಟ್ಟಿಲ್ಲ. ಆಗ ನಾವು ನದಿಯನ್ನು ಬಯ್ಯುತ್ತೇವೆ, ಪಾಲಿಕೆಯನ್ನು ಬಯ್ಯುತ್ತೇವೆ. ಬಯ್ಯಲು ಕಾರಣಗಳೂ ಇರಬಹುದು. ಆದರೆ ಶುದ್ಧೀಕರಣ ಘಟಕದಿಂದ ಚೆನ್ನಾಗಿಯೇ ಹೊರಟ ನೀರು ಕೊನೆಯ ನೂರು ಅಡಿಯಲ್ಲಿ, ಅಂದರೆ ನಮ್ಮದೇ ಕಾಂಪೌಂಡಿನೊಳಗೆ ಕೆಡಬಹುದು ಎಂಬುದು ಬಹಳ ಮಂದಿಗೆ ತಿಳಿಯದು. ಇನ್ನೂ ತಿಳಿಯದ ಸಂಗತಿಯೆಂದರೆ, ನಮ್ಮ ಮನೆಯಲ್ಲಿ ಕೆಟ್ಟ ನೀರು ಬೀದಿಯ ಪೈಪಿಗೆ ಮರಳಿ ಹೋಗಿ ನೆರೆಮನೆಯ ಮಗುವಿನ ಲೋಟವನ್ನೂ ಸೇರಬಹುದು.

ನೀರು ಹಿಂದಕ್ಕೆ ಹೋಗುವುದು ಹೇಗೆ? ಬೀದಿಯ ಪೈಪಿನಲ್ಲಿ ಒತ್ತಡ ಇರುವವರೆಗೆ ನೀರು ಮನೆಯ ಕಡೆಗೇ ನುಗ್ಗುತ್ತದೆ. ನೀರು ಬಿಡುವವನು ವಾಲ್ವ್ ತಿರುಗಿಸಿದ ಕೂಡಲೇ, ಅಥವಾ ಎಲ್ಲೋ ಪೈಪು ಒಡೆದಾಗ ಒತ್ತಡ ಇಳಿದುಬಿಡುತ್ತದೆ. ತಗ್ಗಿನ ಬೀದಿಗೆ ನೀರು ಇಳಿಯುತ್ತಾ ಹೋದಂತೆ ಎತ್ತರದ ಮನೆಗಳ ಪೈಪು ಒಳಕ್ಕೆ ಎಳೆಯತೊಡಗುತ್ತದೆ. ಆ ಹೊತ್ತಿಗೆ ನಲ್ಲಿಗೆ ಸಿಕ್ಕಿಸಿದ ರಬ್ಬರ್ ಪೈಪಿನ ತುದಿ ಬಟ್ಟೆ ನೆನೆಸಿದ ಬಕೆಟ್‌ನಲ್ಲಿ ಮುಳುಗಿದ್ದರೆ ಬಕೆಟ್‌ನ ನೀರು ಬೀದಿಯ ಪೈಪಿಗೆ ಹೋಗುತ್ತದೆ. ಪಾಯಿಖಾನೆಯ ಜೆಟ್ ಸ್ಪ್ರೇಯನ್ನು ತೆರೆದಿಟ್ಟು ಬಕೆಟ್‌ಗೆ ಹಾಕಿ ಬರುವುದು ನಮ್ಮ ಎಷ್ಟು ಮನೆಗಳ ರೂಢಿಯಲ್ಲವೇ? ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುವಾಗ ಮೈಲುತುತ್ತದ ಡ್ರಮ್ಮಿನೊಳಗೆ ಪೈಪು ಇಳಿಬಿಟ್ಟರೆ ಆಗುವುದೂ ಇದೇ. ಅಲ್ಲಿ ಎಳೆದುಕೊಳ್ಳುವುದು ಸೋಪಿನ ನೀರನ್ನಲ್ಲ, ವಿಷವನ್ನು.

ನಲ್ಲಿಗೆ ನೇರವಾಗಿ ಮೋಟಾರ್ ಹಾಕುವವರ ವಿಷಯವಂತೂ ಬೇರೆಯೇ ಹೇಳಬೇಕು. ಅದು ಕಾನೂನಿಗೆ ವಿರುದ್ಧ. ನಗರಸಂಸ್ಥೆಯವರು ಬಂದು ಅಂಥ ಮೋಟಾರ್ ಕಿತ್ತೊಯ್ಯುವ ಸುದ್ದಿಯನ್ನು ಪ್ರತಿ ಬೇಸಿಗೆಯಲ್ಲೂ ಪತ್ರಿಕೆಗಳಲ್ಲಿ ಓದುತ್ತೇವೆ. ನೆರೆಯವರ ಪಾಲಿನ ನೀರನ್ನು ಕಸಿಯುವುದು ಒಂದು ತಪ್ಪು. ಆ ಮೋಟಾರ್ ಹೀರುವ ರಭಸಕ್ಕೆ ಚರಂಡಿಯ ಪಕ್ಕದಲ್ಲಿ ಸೋರುವ ಹಳೆಯ ಜಾಯಿಂಟ್‌ನಿಂದ ಕೊಳಚೆಯೂ ಒಳಗೆ ಬರುತ್ತದೆ ಎಂಬುದು ಅದಕ್ಕಿಂತ ದೊಡ್ಡದು.

ಇದು ಬರೀ ಊಹೆಯ ಮಾತಲ್ಲ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಬರುತ್ತಿತ್ತು, ಉಳಿದ ವಾರ್ಡುಗಳಿಗೆ ಕೆಲವು ದಿನಗಳಿಗೊಮ್ಮೆ. ಅಮೆರಿಕದ ಬರ್ಕ್ಲಿಯ ಸಂಶೋಧಕಿಯರಾದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎರಡೂ ಕಡೆಯ ನಲ್ಲಿ ನೀರನ್ನು ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. ನೀರಿನಲ್ಲಿ ಮಲ ಬೆರೆತಿದೆ ಎಂಬುದಕ್ಕೆ ಸಾಕ್ಷಿಯಾದ ಇ-ಕೋಲಿ ಎಂಬ ಬ್ಯಾಕ್ಟೀರಿಯಾ ಸದಾ ನೀರು ಬರುವ ನಲ್ಲಿಗಳಲ್ಲಿ ನೂರಕ್ಕೆ ಒಂದು ಮಾದರಿಯಲ್ಲೂ ಸಿಗಲಿಲ್ಲ, ಪ್ರಮಾಣ ಶೇ. 0.7. ಬಿಟ್ಟು ಬಿಟ್ಟು ನೀರು ಬರುವ ನಲ್ಲಿಗಳಲ್ಲಿ ಶೇ. 31.7. ಖಾಲಿಯಾದ ಪೈಪು ಖಾಲಿಯಾಗಿ ಉಳಿಯುವುದಿಲ್ಲ, ಸುತ್ತಲಿನದನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಿಕ್ಕಿದ ಪುರಾವೆ ಇದು. ನೀರು ಬಿಟ್ಟಾಗ ಮೊದಲು ಬರುವ ಕೆಂಪು ನೀರನ್ನು ಚೆಲ್ಲಬೇಕೆಂದು ಹಿರಿಯರು ಹೇಳುತ್ತಿದ್ದುದು ಸರಿಯೇ.

ದೊಡ್ಡ ದುರಂತಗಳೂ ನಡೆದಿವೆ. 1933ರಲ್ಲಿ ಅಮೆರಿಕದ ಷಿಕಾಗೋದಲ್ಲಿ ವಿಶ್ವ ಮೇಳ ನಡೆದಾಗ ಎರಡು ಹೋಟೆಲುಗಳಲ್ಲಿ ಕೊಳಚೆ ಪೈಪಿನ ನೀರು ಕುಡಿಯುವ ನೀರಿಗೆ ಸೇರಿ ಆಮಶಂಕೆ ಹರಡಿತು. 98 ಮಂದಿ ಸತ್ತರು. ನಮ್ಮ ದೇಶದಲ್ಲಿ 1955ರ ಕೊನೆಗೆ ದೆಹಲಿಯ ಯಮುನೆಯಲ್ಲೇ ನೀರು ಹಿಂದಕ್ಕೆ ಹರಿಯಿತು. ಪ್ರವಾಹದ ನಂತರ ನದಿ ಪಾತ್ರ ಬದಲಿಸಿ, ನಜಫ್‌ಗಢ ನಾಲೆಯ ಕೊಳಚೆ ನಗರಕ್ಕೆ ನೀರೆತ್ತುವ ವಜೀರಾಬಾದಿನ ಕಡೆಗೆ ತಿರುಗಿತು. ಕೆಲವೇ ವಾರಗಳಲ್ಲಿ 29,000ಕ್ಕೂ ಹೆಚ್ಚು ಮಂದಿಗೆ ಕಾಮಾಲೆಯಾಯಿತು. ಅದು ಹೆಪಟೈಟಿಸ್-ಇ ಎಂದು ಎಷ್ಟೋ ವರ್ಷಗಳ ಬಳಿಕ ಗೊತ್ತಾಯಿತು. ಗರ್ಭಿಣಿಯರು ಇರುವ ಮನೆಯವರು ಈ ಹೆಸರನ್ನು ನೆನಪಿಡಬೇಕು. ಬೇರೆಯವರಲ್ಲಿ ಸಾಮಾನ್ಯವಾಗಿ ತಾನಾಗಿಯೇ ಗುಣವಾಗುವ ಈ ಕಾಮಾಲೆ ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಗಲಿದರೆ ನೂರರಲ್ಲಿ 20ರಿಂದ 25 ತಾಯಂದಿರ ಪ್ರಾಣ ತೆಗೆಯಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನೀರು ಹಿಂದಕ್ಕೆ ಹೋಗದಂತೆ ತಡೆಯುವ ಸಾಧನಗಳು ಹೊಸವೇನಲ್ಲ. ಪ್ಲಂಬರ್‌ಗಳು ಎನ್.ಆರ್.ವಿ. ಎಂದು ಕರೆಯುವ ವಾಲ್ವ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದರೊಳಗಿನ ಮುಚ್ಚಳ ಮುಂದೆ ಹೋಗುವ ನೀರಿಗೆ ತೆರೆದುಕೊಂಡು, ಹಿಂದೆ ಬರುವ ನೀರಿಗೆ ಮುಚ್ಚಿಕೊಳ್ಳುತ್ತದೆ. ತೊಂದರೆ ಏನೆಂದರೆ ಅದು ಸದ್ದಿಲ್ಲದೆ ಕೆಡುತ್ತದೆ. ಒಂದು ಮರಳಿನ ಕಣ ಸಿಕ್ಕಿಕೊಂಡರೂ ಸಾಕು, ಮುಚ್ಚಳ ಪೂರ್ತಿ ಕೂರುವುದಿಲ್ಲ. ನಲ್ಲಿಯಲ್ಲಿ ನೀರು ಎಂದಿನಂತೆ ಬರುತ್ತಿರುವುದರಿಂದ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದಲೇ ಅಮೆರಿಕದ ಹಲವು ನಗರಗಳಲ್ಲಿ ಹೋಟೆಲು, ಆಸ್ಪತ್ರೆ, ಕಾರ್ಖಾನೆಯಂತಹ ಕಟ್ಟಡಗಳ ಮಾಲೀಕರು ವರ್ಷಕ್ಕೊಮ್ಮೆ ಪರವಾನಗಿ ಪಡೆದ ಪರೀಕ್ಷಕನನ್ನು ಕರೆಸಿ, ವಾಲ್ವಿಗೆ ಮಾಪಕ ಹಚ್ಚಿ ನೋಡಿಸಿ, ವರದಿಯನ್ನು ನೀರು ಸರಬರಾಜು ಸಂಸ್ಥೆಗೆ ಕೊಡಬೇಕು. ಕೊಡದಿದ್ದರೆ ನೀರಿನ ಸಂಪರ್ಕ ಕಡಿಯುವ ಅಧಿಕಾರವೂ ಸಂಸ್ಥೆಗಿರುತ್ತದೆ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಕುಡಿಯುವ ನೀರಿನ ಪೈಪಿಗೆ ಬೇರೆ ನೀರಿನ ಪೈಪು ಜೋಡಿಸಬಾರದು ಎನ್ನುತ್ತದೆ. ಆದರೆ ವರ್ಷಕ್ಕೊಮ್ಮೆ ಬಂದು ನೋಡುವವರು ನಮ್ಮ ಮನೆಗಳಿಗೆ ಯಾರೂ ಇಲ್ಲ. ಇಲ್ಲಿ ಮಾಲೀಕನೇ ಪರೀಕ್ಷಕ.

ನಾಲ್ಕೈದು ಬಾಡಿಗೆ ಮನೆಗಳಿರುವ ವಠಾರಗಳಲ್ಲಿ ಬೋರ್‌ವೆಲ್‌ನ ಪೈಪನ್ನೂ ಪಾಲಿಕೆಯ ಪೈಪನ್ನೂ ಒಂದೇ ಲೈನಿಗೆ ಕೂಡಿಸಿ ನಡುವೆ ಒಂದು ಗೇಟ್ ವಾಲ್ವ್ ಇಟ್ಟಿರುತ್ತಾರೆ. ಆ ವಾಲ್ವ್ ಸವೆದರೆ, ಅಥವಾ ಯಾರಾದರೂ ಮುಚ್ಚಲು ಮರೆತರೆ, ಬೋರಿನ ನೀರು ಬೀದಿಗೆ ಹೋಗುತ್ತದೆ. ಎರಡೂ ಪೈಪುಗಳು ಸಂಪಿನೊಳಗೆ ಬೇರೆ ಬೇರೆಯಾಗಿ, ಮೇಲಿನಿಂದ ಬೀಳುವಂತೆ ಮಾಡಿಸಿದರೆ ಈ ಭಯವೇ ಇಲ್ಲ. ಪೈಪಿನ ತುದಿಗೂ ಸಂಪು ತುಂಬಿದಾಗಿನ ನೀರಿನ ಮಟ್ಟಕ್ಕೂ ನಡುವೆ ಪೈಪಿನ ವ್ಯಾಸದ ಎರಡರಷ್ಟಾದರೂ ಗಾಳಿಯ ಅಂತರ ಇರಬೇಕು, ಒಂದು ಅಂಗುಲಕ್ಕಿಂತ ಕಡಿಮೆಯಂತೂ ಬೇಡ. ಈ ಖಾಲಿ ಜಾಗಕ್ಕಿಂತ ನಂಬಿಕೆಯ ವಾಲ್ವ್ ಇಲ್ಲ, ಇದಕ್ಕೆ ಖರ್ಚೂ ಇಲ್ಲ. ನೀರು ಸರಿಯಿದೆಯೇ ಎಂದು ಬಾಡಿಗೆದಾರ ಕೇಳುವುದಿಲ್ಲ, ಮಾಲೀಕ ಹೇಳುವುದಿಲ್ಲ. ಬಾಡಿಗೆ ಪಡೆಯುವವನಿಗೆ ಇದು ಅಮಾನತ್ತಿನ ವಿಷಯ ಎಂದು ನನ್ನ ಅಭಿಪ್ರಾಯ.

ಮಸೀದಿಗಳ ಹೌಝ್‌ನ ಮಾತನ್ನೂ ಆಡಲೇಬೇಕು. ಹನಫಿ ಫಿಕ್ಹ್‌ನಂತೆ ಹತ್ತು ಮೊಳ ಉದ್ದ, ಹತ್ತು ಮೊಳ ಅಗಲದ ಹೌಝ್‌ಗೆ ಹರಿಯುವ ನೀರಿನ ವಿಧಿಯೇ ಅನ್ವಯಿಸುತ್ತದೆ. ಬಣ್ಣ, ರುಚಿ, ವಾಸನೆ ಬದಲಾಗದಿದ್ದರೆ ವುಝೂಗೆ ಅಡ್ಡಿಯಿಲ್ಲ. ಆದರೆ ವುಝೂಗೆ ಸರಿಯಾದ ನೀರೆಲ್ಲ ಕುಡಿಯಲು ಸರಿಯಾದ ನೀರಲ್ಲ. ರೋಗಾಣುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೌಝ್ ತುಂಬಿದಾಗ ನಲ್ಲಿಯ ಪೈಪಿನ ತುದಿ ಅದರಲ್ಲಿ ಮುಳುಗಿದ್ದರೆ ನೂರಾರು ಮಂದಿ ಕೈಕಾಲು ತೊಳೆದ ನೀರು ಮೊಹಲ್ಲಾದ ನಲ್ಲಿಗಳಿಗೆ ಹೋಗುವ ದಾರಿ ತೆರೆದಿದೆ ಎಂದರ್ಥ. ನಿಂತ ನೀರಿನಲ್ಲಿ ಮೂತ್ರ ಮಾಡಬಾರದೆಂದೂ, ರಾತ್ರಿ ನೀರಿನ ಪಾತ್ರೆಗಳನ್ನು ಮುಚ್ಚಿಡಬೇಕೆಂದೂ ಪ್ರವಾದಿ(ಸ) ಕಲಿಸಿದ್ದಾರೆ. ಆ ಎಚ್ಚರವನ್ನು ಪೈಪಿನವರೆಗೂ ಒಯ್ಯಬೇಕಾಗಿದೆ. ಶಅಬಾನ್‌ನಲ್ಲಿ ಮಸೀದಿಗೆ ಸುಣ್ಣಬಣ್ಣ ಮಾಡಿಸುವ ಸಮಿತಿಗಳು ಅದೇ ವಾರ ಸಂಪನ್ನೂ ಪೈಪನ್ನೂ ನೋಡಿಸಬಾರದೇಕೆ? ಮದ್ರಸದ ಮಕ್ಕಳು ಕುಡಿಯುವುದು ಅದೇ ನೀರನ್ನು.

ಮನೆಯಲ್ಲಿ ಮಳೆಗಾಲಕ್ಕೆ ಮುನ್ನ ನೋಡುವುದು ಒಳ್ಳೆಯದು. ನೀರು ಬಾರದ ಹೊತ್ತಿನಲ್ಲಿ ಸಂಪಿಗಿಂತ ಮುಂಚಿನ, ಅಂಗಳದ ನಲ್ಲಿಯನ್ನು ತೆರೆಯಿರಿ. ಪೈಪಿನಲ್ಲಿ ಉಳಿದಿದ್ದ ಸ್ವಲ್ಪ ನೀರು ಬಂದು ನಿಂತರೆ ಸರಿ. ನಿಲ್ಲದೆ ಸುರಿಯುತ್ತಲೇ ಇದ್ದರೆ ಎಲ್ಲೋ ಒಂದು ಟ್ಯಾಂಕು ಬೀದಿಯ ಪೈಪಿಗೆ ಕೂಡಿಕೊಂಡಿದೆ. ನಲ್ಲಿಯ ಬಾಯಿಗೆ ಒದ್ದೆ ಅಂಗೈ ಹಿಡಿದಾಗ ಎಳೆದಂತಾದರೆ ಪೈಪು ಹೀರುತ್ತಿದೆ, ಎನ್.ಆರ್.ವಿ. ಇಲ್ಲ ಅಥವಾ ಕೆಟ್ಟಿದೆ. ನೀರಿನ ಪರೀಕ್ಷೆಗೆ ಎಚ್.ಟು.ಎಸ್. ಬಾಟಲಿ ಎಂಬ ಅಗ್ಗದ ಸಾಧನವಿದೆ. ಅದರಲ್ಲಿ ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಆ ನೀರು ಕುಡಿಯಬೇಡಿ. ನಲ್ಲಿಯ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಮ್ ಕ್ಲೋರಿನ್ ಆದರೂ ಉಳಿದಿರಬೇಕೆಂಬುದು ಭಾರತೀಯ ಮಾನಕ. ಅದನ್ನು ನೋಡಿಕೊಡುವಂತೆ ವಾರ್ಡಿನ ಆರೋಗ್ಯ ಸಿಬ್ಬಂದಿಯನ್ನು ಕೇಳುವ ಹಕ್ಕು ನಮಗಿದೆ.

ಹೊಸ ವಾಲ್ವ್ ಹಾಕಿಸುವಾಗ ಹತ್ತಿರ ನಿಂತು ನೋಡಿ. ಅದರ ಮೈಮೇಲೆ ಬಾಣದ ಗುರುತು ಇರುತ್ತದೆ, ಬಾಣ ಮನೆಯ ಕಡೆಗೆ ಮುಖ ಮಾಡಿರಬೇಕು. ಮಣ್ಣಿನಲ್ಲಿ ಹೂಳಿಸಬೇಡಿ, ಮುಂದಿನ ವರ್ಷ ಬಿಚ್ಚಿ ತೊಳೆಯಲು ಕೈಗೆ ಸಿಗುವಂತೆ ಮೀಟರಿನ ಪಕ್ಕದಲ್ಲಿ ಇರಲಿ. ನೋಡಿದ ತಾರೀಖನ್ನು ಸಂಪಿನ ಮುಚ್ಚಳದ ಒಳಬದಿಗೆ ಬಣ್ಣದಲ್ಲಿ ಬರೆಸಿಡಿ.