ಯಾರಿಗೆ ಸರಳ? ಗಿಟಾರ್‌ನ ಮೊದಲ ಹಾಡುಗಳು ಮತ್ತು ನಮ್ಮ ಪಾಠಯೋಜನೆ

‘ಸರಳದಿಂದ ಸಂಕೀರ್ಣಕ್ಕೆ’ ಎಂಬ ಬೋಧನಾ ಸೂತ್ರವನ್ನು ಪ್ರತಿ ಪ್ರಶಿಕ್ಷಣಾರ್ಥಿಯೂ ಮೊದಲ ತಿಂಗಳಲ್ಲೇ ಬಾಯಿಪಾಠ ಮಾಡಿರುತ್ತಾರೆ. ಆದರೆ ಯಾವುದು ಸರಳ, ಯಾರಿಗೆ ಸರಳ ಎಂದು ಕೇಳಿದರೆ ಉತ್ತರಕ್ಕೆ ತಡವರಿಸುತ್ತಾರೆ. ಎರಡು ವರ್ಷದ ಬಿ.ಇಡಿ. ಪಠ್ಯಕ್ರಮದ ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಪತ್ರಿಕೆಯ ಅಂಗವಾಗಿ, ಆಸಕ್ತಿಯುಳ್ಳ ಕೆಲವು ಪ್ರಶಿಕ್ಷಣಾರ್ಥಿಗಳಿಗೆ ನಾನು ಗಿಟಾರ್‌ನ ಆರಂಭಿಕ ಪಾಠಗಳನ್ನು ಹೇಳಿಕೊಡುತ್ತೇನೆ. ಈ ಪ್ರಶ್ನೆಗೆ ಅಲ್ಲಿ ಸಿಕ್ಕ ಉತ್ತರವನ್ನು ಈ ಲೇಖನದಲ್ಲಿ ವಿವರಿಸಿದ್ದೇನೆ.

ಪರಿಚಿತವಾದುದೆಲ್ಲ ಸರಳವಲ್ಲ

ಗಿಟಾರ್‌ನಲ್ಲಿ ಹಾಡಿಗೆ ಜೊತೆ ನೀಡಲು ಮುಖ್ಯವಾಗಿ ಕಾರ್ಡ್‌ಗಳನ್ನು ಬಳಸುತ್ತೇವೆ. ಎಡಗೈ ಬೆರಳುಗಳಿಂದ ಕೆಲವು ತಂತಿಗಳನ್ನು ಒತ್ತಿ, ಬಲಗೈಯಿಂದ ಒಟ್ಟಿಗೆ ಮೀಟಿದಾಗ ಕೇಳುವ ಸ್ವರಗಳ ಗುಂಪೇ ಕಾರ್ಡ್. ಹಾಡು ಮುಂದುವರಿದಂತೆ ಕಾರ್ಡ್ ಬದಲಾಗಬೇಕು, ತಾಳ ಮಾತ್ರ ನಿಲ್ಲಬಾರದು. ಹೊಸಬರ ಕಷ್ಟವಿರುವುದು ಈ ಬದಲಾವಣೆಯ ಕ್ಷಣದಲ್ಲಿ.

ಮೊದಲ ದಿನ ‘ನಿಮಗೆ ಸುಲಭವೆನಿಸುವ ಹಾಡು ಹೇಳಿ’ ಎಂದರೆ ಬರುವ ಉತ್ತರಗಳು ಹೆಚ್ಚು ಕಡಿಮೆ ಒಂದೇ: ‘ಟ್ವಿಂಕಲ್ ಟ್ವಿಂಕಲ್’ ಅಥವಾ ‘ಹ್ಯಾಪಿ ಬರ್ತ್‌ಡೇ’. ಎರಡೂ ಮೂರು ವರ್ಷದ ಮಗುವಿಗೂ ಗೊತ್ತಿರುವ ಹಾಡುಗಳು. ಆದರೆ ‘ಟ್ವಿಂಕಲ್’ ಹಾಡನ್ನು ಸಾಮಾನ್ಯವಾಗಿ ನುಡಿಸುವ ಕ್ರಮದಲ್ಲಿ ಮೊದಲ ಎರಡು ಸಾಲುಗಳ 16 ಎಣಿಕೆಗಳಲ್ಲೇ 6 ಸಲ ಕಾರ್ಡ್ ಬದಲಾಗುತ್ತದೆ. ‘ಸಿ’ಯಿಂದ ಆರಂಭಿಸಿದರೆ ‘ಎಫ್’ ಕೂಡ ಬೇಕು. ಅದರಲ್ಲಿ ಒಂದೇ ತೋರುಬೆರಳು ಎರಡು ಅಥವಾ ಹೆಚ್ಚು ತಂತಿಗಳನ್ನು ಒಟ್ಟಿಗೆ ಒತ್ತಬೇಕಾಗುತ್ತದೆ. ‘ಹ್ಯಾಪಿ ಬರ್ತ್‌ಡೇ’ ಮೂರು ಎಣಿಕೆಯ ಹಾಡು. ತಾಳದ ಮೊದಲ ಪೆಟ್ಟಿಗಿಂತ ಮುಂಚೆಯೇ ಹಾಡು ಶುರುವಾಗುತ್ತದೆ.

ಇದಕ್ಕೆ ಹೋಲಿಸಿದರೆ ‘ಲಂಡನ್ ಬ್ರಿಡ್ಜ್’ ನಿಜಕ್ಕೂ ಹಗುರ. ನಾಲ್ಕು ಎಣಿಕೆಯ ಎಂಟು ಸುತ್ತುಗಳಲ್ಲಿ ಇಡೀ ಹಾಡು ಮುಗಿಯುತ್ತದೆ. ಮೂರನೆಯ ಮತ್ತು ಏಳನೆಯ ಸುತ್ತಿನಲ್ಲಿ ‘ಎ’, ಉಳಿದೆಡೆ ‘ಡಿ’. 32 ಎಣಿಕೆಗಳಲ್ಲಿ ಬದಲಾವಣೆಗಳು ನಾಲ್ಕೇ. ‘ರೋ ರೋ ರೋ ಯುವರ್ ಬೋಟ್’ ಹಾಡನ್ನಂತೂ ಒಂದೇ ಕಾರ್ಡಿನಲ್ಲಿ ಆರಂಭದಿಂದ ಕೊನೆಯವರೆಗೆ ನುಡಿಸಬಹುದು. ಈ ಹಾಡುಗಳೆಲ್ಲ ಕಿವಿಗೆ ಸಮಾನವಾಗಿ ಸರಳ, ಕೈಗೆ ಮಾತ್ರ ಹಾಗಲ್ಲ.

ಸಾಧನ ಬದಲಾದರೆ ಸರಳತೆಯೂ ಬದಲಾಗುತ್ತದೆ

ಕರ್ನಾಟಕ ಸಂಗೀತ ಕಲಿತ ಒಬ್ಬ ಪ್ರಶಿಕ್ಷಣಾರ್ಥಿ, ಮಲಹರಿ ರಾಗದ ಪಿಳ್ಳಾರಿ ಗೀತೆಯಿಂದಲೇ ಏಕೆ ಆರಂಭಿಸಬಾರದು ಎಂದು ಕೇಳಿದರು. ಹಾಡುಗಾರಿಕೆ, ವೀಣೆ, ಪಿಟೀಲು ಕಲಿಯುವವರಿಗೆ ಅದು ತಲೆಮಾರುಗಳಿಂದ ಮೊದಲ ಮೆಟ್ಟಿಲು. ಗಿಟಾರ್‌ನಲ್ಲಿಯೂ ಒಂದೊಂದೇ ಸ್ವರವಾಗಿ ನುಡಿಸಬಹುದು. ಆದರೆ ಮಲಹರಿಯ ಶುದ್ಧ ರಿಷಭ, ಶುದ್ಧ ಧೈವತಗಳು ಹೊಸಬರು ಮೊದಲು ಕಲಿಯುವ ಮೂರು ಮೇಜರ್ ಕಾರ್ಡ್‌ಗಳೊಡನೆ ಹೊಂದುವುದಿಲ್ಲ. ಶಂಕರಾಭರಣದ ಸ್ವರಗಳು ಪಾಶ್ಚಾತ್ಯರ ಮೇಜರ್ ಸ್ವರಶ್ರೇಣಿಯವೇ ಆದ್ದರಿಂದ ಅಲ್ಲಿ ದಾರಿ ಸುಗಮ. ಪಾಶ್ಚಾತ್ಯ ಧಾಟಿಗಳನ್ನು ಆಧರಿಸಿ ಮುತ್ತುಸ್ವಾಮಿ ದೀಕ್ಷಿತರು ರಚಿಸಿದ ನೊಟ್ಟುಸ್ವರಗಳು ಈ ಕಾರ್ಡ್‌ಗಳಿಗೆ ಚೆನ್ನಾಗಿ ಒಗ್ಗುತ್ತವೆ. ಒಂದು ಸಾಧನಕ್ಕೆ ಮೊದಲ ಪಾಠವಾದದ್ದು ಇನ್ನೊಂದಕ್ಕೆ ಮೊದಲ ಪಾಠವಾಗಬೇಕಿಲ್ಲ.

ಹಾಡನ್ನು ಆಯ್ದುಕೊಳ್ಳುವ ಬಗೆ

ಆದ್ದರಿಂದ ಹಾಡನ್ನು ಆರಿಸುವ ಮುನ್ನ ನಾವು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇವೆ:

1. ಎಷ್ಟು ಕಾರ್ಡ್‌ಗಳಿವೆ? ಅವುಗಳಲ್ಲಿ ಕೈಗೆ ಹೊಸದು ಎಷ್ಟು?
2. ಬದಲಾವಣೆಗಳ ನಡುವೆ ಎಷ್ಟು ಎಣಿಕೆಗಳ ಬಿಡುವಿದೆ?
3. ಪ್ರತಿ ಬದಲಾವಣೆಯಲ್ಲಿ ಎಷ್ಟು ಬೆರಳುಗಳು ಜಾಗ ಬಿಡಬೇಕು?
4. ಕಲಿಯುವವರಿಗೆ ಧಾಟಿ ಮೊದಲೇ ಬಾಯಿಗೆ ಬರುತ್ತದೆಯೇ?

ಮೂರನೆಯ ಪ್ರಶ್ನೆಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ‘ಸಿ’ಯಿಂದ ‘ಎ ಮೈನರ್’ಗೆ ಹೋಗುವಾಗ ತೋರುಬೆರಳು, ಮಧ್ಯದ ಬೆರಳು ಇದ್ದಲ್ಲೇ ಇರುತ್ತವೆ, ಉಂಗುರದ ಬೆರಳೊಂದೇ ಸರಿಯುತ್ತದೆ. ‘ಎ ಮೈನರ್’ನಿಂದ ‘ಇ’ಗೆ ಹೋಗುವಾಗ ಮೂರೂ ಬೆರಳುಗಳು ಅದೇ ಆಕಾರದಲ್ಲಿ ಪಕ್ಕದ ತಂತಿಗಳಿಗೆ ಸಾಗುತ್ತವೆ. ‘ಜಿ’ಯಿಂದ ‘ಸಿ’ಗೆ ಹೋಗುವಾಗಲಾದರೋ ಮೂರೂ ಬೆರಳುಗಳು ಎದ್ದು ಬೇರೆ ಬೇರೆ ಜಾಗ ಹುಡುಕಬೇಕು. ಕಾಗದದ ಮೇಲೆ ಮೂರೂ ‘ಎರಡು ಕಾರ್ಡ್‌ಗಳ ಬದಲಾವಣೆ’ಯೇ. ಕಲಿಯುವ ಕೈಗೆ ಮೂರೂ ಬೇರೆ ಬೇರೆ ಪಾಠಗಳು.

ಹಾಡು ತುಂಡಾಗಬಾರದು

ಭಾರ ಇಳಿಸಬೇಕೆಂದು ಹಾಡಿನ ಒಂದೇ ಸಾಲನ್ನು ವಾರಗಟ್ಟಲೆ ತಿಕ್ಕಿಸಿದರೆ ಉತ್ಸಾಹ ಉಳಿಯುವುದಿಲ್ಲ. ಬೆರಳ ತುದಿ ನೋಯುವ ಮೊದಲ ವಾರಗಳಲ್ಲಿ ‘ಒಂದು ಪೂರ್ತಿ ಹಾಡು ನುಡಿಸಿದೆ’ ಎಂಬ ಸಂತೋಷವೇ ಕಲಿಯುವವರನ್ನು ಹಿಡಿದಿಡುತ್ತದೆ. ಹಾಗಾಗಿ ನಾವು ಹಾಡನ್ನು ಇಡಿಯಾಗಿ ಉಳಿಸಿಕೊಂಡು ಕೈಯ ಕೆಲಸವನ್ನು ಕಡಿಮೆ ಮಾಡುತ್ತೇವೆ. ಮೊದಲು ಪ್ರತಿ ಸುತ್ತಿನ ಮೊದಲ ಎಣಿಕೆಗೆ ಮಾತ್ರ ಒಂದು ಮೀಟು. ಉಳಿದ ಮೂರು ಎಣಿಕೆಗಳು ಬೆರಳು ಬದಲಿಸಲು ಸಿಗುವ ಸಮಯ. ಗೆಳೆಯರು ಹಾಡುತ್ತಿರುತ್ತಾರೆ, ಹಾಡು ನಿಲ್ಲುವುದಿಲ್ಲ. ಅನಂತರ ಪ್ರತಿ ಎಣಿಕೆಗೂ ಮೀಟು, ಆಮೇಲೆ ಮೇಲೆ ಕೆಳಗೆ ಮೀಟುವ ಲಯ. ಶ್ರುತಿ ಮಕ್ಕಳ ದನಿಗೆ ತಗ್ಗಾದರೆ ಗಿಟಾರ್‌ನ ಕತ್ತಿಗೆ ಕೇಪೊ ಬಿಗಿದರಾಯಿತು; ಕಲಿತ ಬೆರಳ ವಿನ್ಯಾಸ ಹಾಗೆಯೇ ಇರುತ್ತದೆ, ಶ್ರುತಿ ಮಾತ್ರ ಏರುತ್ತದೆ.

ಹಾಡಿನ ಹೊರಗೆ ಒಂದು ಅಭ್ಯಾಸ ಮಾತ್ರ ಮಾಡಿಸುತ್ತೇನೆ: ಒಂದು ನಿಮಿಷದಲ್ಲಿ ಎರಡು ಕಾರ್ಡ್‌ಗಳ ನಡುವೆ ಎಷ್ಟು ಸಲ ಬದಲಿಸಲಾಯಿತು ಎಂದು ಎಣಿಸುವುದು. ಎಣಿಕೆಯನ್ನು ಅವರೇ ಬರೆದಿಡುತ್ತಾರೆ. ನಿನ್ನೆ 12, ಇಂದು 15 ಎಂಬುದು ಕಣ್ಣಿಗೆ ಕಾಣುವ ಪ್ರಗತಿ.

ಸೂಕ್ಷ್ಮಬೋಧನೆಯ ನೆನಪು

ಇದರಲ್ಲಿ ನಮಗೆ ಅಪರಿಚಿತವಾದುದೇನೂ ಇಲ್ಲ. ಸೂಕ್ಷ್ಮಬೋಧನೆಯಲ್ಲಿ ನಾವು ಮಾಡುವುದೂ ಇದನ್ನೇ: ಒಂದು ಸಲಕ್ಕೆ ಒಂದೇ ಕೌಶಲ. ಭಾರತೀಯ ಮಾದರಿಯ 36 ನಿಮಿಷಗಳ ಚಕ್ರದಲ್ಲಿ ಬೋಧನೆಗೆ 6, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಮರುಬೋಧನೆಗೆ 6, ಮರುಹಿಮ್ಮಾಹಿತಿಗೆ 6 ನಿಮಿಷ. ಅತಿ ಹೆಚ್ಚು ಸಮಯ ಮರುಯೋಜನೆಗೆ ಮೀಸಲಾಗಿರುವುದನ್ನು ಗಮನಿಸಬೇಕು. ಆದರೆ ನಮ್ಮ ಕೌಶಲಗಳನ್ನು ಹೀಗೆ ಬಿಡಿಸಿ ಕಲಿತ ನಾವೇ, ಮಕ್ಕಳ ಪಾಠವನ್ನು ಬಿಡಿಸಿ ನೋಡಲು ಮರೆಯುತ್ತೇವೆ.

ಗಿಟಾರ್ ಕಲಿಯುತ್ತಿದ್ದ ಒಬ್ಬ ಪ್ರಶಿಕ್ಷಣಾರ್ಥಿ ಬೋಧನಾಭ್ಯಾಸಕ್ಕೆ ಆರನೆಯ ತರಗತಿಯ ಭಿನ್ನರಾಶಿಗಳ ಸಂಕಲನವನ್ನು ಆರಿಸಿಕೊಂಡಿದ್ದರು. ಛೇದಗಳು ಬೇರೆ ಬೇರೆ ಇರುವ ಲೆಕ್ಕಗಳು. ಯೋಜನೆಯಲ್ಲಿ ‘ಸರಳ ಉದಾಹರಣೆ’ ಎಂದು ಬರೆದಿದ್ದ ಲೆಕ್ಕದಲ್ಲೇ ಲ.ಸಾ.ಅ. ಕಂಡುಹಿಡಿಯುವುದು, ಸಮಾನ ಭಿನ್ನರಾಶಿಗೆ ಪರಿವರ್ತಿಸುವುದು, ಕೂಡುವುದು, ಉತ್ತರವನ್ನು ಸಂಕ್ಷೇಪಿಸುವುದು ಎಂಬ ನಾಲ್ಕು ಕೆಲಸಗಳಿದ್ದವು. ತರಗತಿ ಮೌನವಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪೆನ್ಸಿಲ್ ಕೆಳಗಿಟ್ಟಳು. ಪಾಠದ ನಂತರದ ಚರ್ಚೆಯಲ್ಲಿ ನಾನು ಹೆಚ್ಚೇನೂ ಹೇಳಬೇಕಾಗಲಿಲ್ಲ. ‘ಮೇಡಂ, ನಾನು ಮೊದಲ ದಿನವೇ ಎಫ್ ಕಾರ್ಡ್ ಕೊಟ್ಟೆ’ ಎಂದು ಅವರೇ ಹೇಳಿದರು.

ಮರುಯೋಜನೆಯಲ್ಲಿ ಅವರು ಒಂದು ಛೇದ ಇನ್ನೊಂದರ ಅಪವರ್ತ್ಯವಾಗಿರುವ ಲೆಕ್ಕಗಳಿಂದ ಆರಂಭಿಸಿದರು: 1/2 ಮತ್ತು 1/4, 1/3 ಮತ್ತು 1/6. ಒಂದೇ ಭಿನ್ನರಾಶಿಯನ್ನು ಪರಿವರ್ತಿಸಿದರೆ ಸಾಕು, ಇನ್ನೊಂದು ಇದ್ದಲ್ಲೇ ಇರುತ್ತದೆ. ‘ಸಿ’ಯಿಂದ ‘ಎ ಮೈನರ್’ಗೆ ಸರಿದಂತೆ. ಲೆಕ್ಕ ಪೂರ್ತಿಯಾಗಿಯೇ ಇತ್ತು, ಉತ್ತರವೂ ಪೂರ್ತಿ. ಹೊಸ ಕೆಲಸ ಮಾತ್ರ ಒಂದು. ಆ ದಿನ ಪೆನ್ಸಿಲ್ ಕೆಳಗಿಟ್ಟಿದ್ದ ಹುಡುಗಿಯೂ ಮೂರು ಲೆಕ್ಕ ಬಿಡಿಸಿದಳು.

ಪಾಠಯೋಜನೆಗಳನ್ನು ಪರಿಶೀಲಿಸುವಾಗ ನಾನು ಈಗ ‘ಸರಳ ಉದಾಹರಣೆ’ ಎಂದು ಬರೆದಿರುವ ಕಡೆಯಲ್ಲೆಲ್ಲ ಅಂಚಿನಲ್ಲಿ ಎರಡು ವಿಷಯಗಳನ್ನು ಬರೆಸುತ್ತೇನೆ. ಇದರಲ್ಲಿ ಮಗುವಿಗೆ ಹೊಸದಾದ ಕೆಲಸಗಳು ಎಷ್ಟು? ಅವುಗಳ ನಡುವೆ ಯೋಚಿಸಲು ಎಷ್ಟು ಬಿಡುವಿದೆ? ಮೊದಲ ಪ್ರಶ್ನೆಯ ಉತ್ತರ ಎರಡಕ್ಕಿಂತ ಹೆಚ್ಚಾದರೆ ಆ ಉದಾಹರಣೆ ಮುಂದಿನ ಪಾಠಕ್ಕೆ ಸೇರಬೇಕಾದದ್ದು. ಸಹೋದ್ಯೋಗಿಗಳೂ ಪ್ರಶಿಕ್ಷಣಾರ್ಥಿಗಳೂ ತಮ್ಮ ಮುಂದಿನ ಯೋಜನೆಯಲ್ಲಿ ಇದನ್ನೊಮ್ಮೆ ಪ್ರಯತ್ನಿಸಿ ನೋಡಬಹುದು.