ಸಾಮಾಜಿಕ ಭದ್ರತಾ ಸಂಖ್ಯೆ ಇಲ್ಲದ ವಲಸಿಗರ ಕಾರು ವಿಮೆ (ಅಮೇರಿಕ)

ಅಮೇರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿರುವ ವಲಸಿಗರಲ್ಲಿ ಅನೇಕರಿಗೆ ಆ ದೇಶದ ಸಾಮಾಜಿಕ ಭದ್ರತಾ ಸಂಖ್ಯೆ (ಎಸ್‌ಎಸ್‌ಎನ್) ಇರುವುದಿಲ್ಲ. ಕಾರು ವಿಮೆಯ ಅರ್ಜಿಯಲ್ಲಿ ಈ ಸಂಖ್ಯೆಯನ್ನು ಕೇಳುವುದು ರೂಢಿಯಾದ್ದರಿಂದ, ಅದಿಲ್ಲದವರು ವಿಮೆ ಪಡೆಯಲು ಅನರ್ಹರೆಂಬ ಭಾವನೆ ಬೆಳೆದಿದೆ. ಇದು ಸರಿಯಲ್ಲ. ಈ ಸಂಖ್ಯೆ ಬಹುಮಟ್ಟಿಗೆ ವಿಮಾ ಕಂಪನಿಗಳ ಗುರುತು ಪರಿಶೀಲನೆಗೂ ದರ ನಿಗದಿಗೂ ಬಳಕೆಯಾಗುವ ಸಾಧನವೇ ಹೊರತು ವಿಮಾ ಒಪ್ಪಂದದ ಸಿಂಧುತ್ವಕ್ಕೆ ಬೇಕಾದ ಷರತ್ತಲ್ಲ. ಅರ್ಜಿದಾರನಿಗೆ ಇದಕ್ಕಿಂತ ಮುಖ್ಯವಾದವು ಚಾಲನಾ ಪರವಾನಗಿ ಮತ್ತು ಅರ್ಜಿಯಲ್ಲಿ ನೀಡುವ ಮಾಹಿತಿಯ ಸತ್ಯತೆ.

ಹಿನ್ನೆಲೆ

ಸಾಮಾಜಿಕ ಭದ್ರತಾ ಸಂಖ್ಯೆಯು ಒಂಬತ್ತು ಅಂಕಿಗಳ ಸಂಖ್ಯೆ. 1935ರ ಸಾಮಾಜಿಕ ಭದ್ರತಾ ಕಾಯಿದೆಯ ತರುವಾಯ, ಕೆಲಸಗಾರರ ಗಳಿಕೆಯ ಲೆಕ್ಕವಿಡುವ ಉದ್ದೇಶದಿಂದ 1936ರಲ್ಲಿ ಇದರ ವಿತರಣೆ ಆರಂಭವಾಯಿತು. ಕಾಲಕ್ರಮದಲ್ಲಿ ಬ್ಯಾಂಕು, ಸಾಲ, ಬಾಡಿಗೆ ಮನೆ, ವಿಮೆ ಮೊದಲಾದ ವ್ಯವಹಾರಗಳಲ್ಲಿ ಅದು ವ್ಯಕ್ತಿಯ ಗುರುತಿನ ಸಂಖ್ಯೆಯಂತೆ ಬಳಕೆಗೆ ಬಂದಿತು. ವಿದೇಶೀಯರಿಗೆ ಇದನ್ನು ಸಾಮಾನ್ಯವಾಗಿ ಉದ್ಯೋಗದ ಅನುಮತಿ ಇದ್ದರೆ ಮಾತ್ರ ನೀಡಲಾಗುತ್ತದೆ. ಹೀಗಾಗಿ ದಾಖಲೆಗಳಿಲ್ಲದ ವಲಸಿಗರಷ್ಟೇ ಅಲ್ಲದೆ, ಕಾನೂನುಬದ್ಧ ವೀಸಾ ಹೊಂದಿರುವ ಅವಲಂಬಿತರು ಮತ್ತು ವಿದ್ಯಾರ್ಥಿಗಳಲ್ಲಿ ಅನೇಕರೂ ಈ ಸಂಖ್ಯೆಯಿಲ್ಲದೆ ಇರುತ್ತಾರೆ.

ಕಾನೂನಿನ ಚೌಕಟ್ಟು

ಅಮೇರಿಕದಲ್ಲಿ ವಿಮಾ ವ್ಯವಹಾರದ ನಿಯಂತ್ರಣವು ಮುಖ್ಯವಾಗಿ ರಾಜ್ಯಗಳ ಕೈಯಲ್ಲಿದೆ. 1945ರ ಮೆಕ್ಯಾರನ್–ಫರ್ಗ್ಯೂಸನ್ ಕಾಯಿದೆ ಈ ವ್ಯವಸ್ಥೆಯನ್ನು ದೃಢಪಡಿಸಿತು. ಆದ್ದರಿಂದ ಕಡ್ಡಾಯ ವಿಮೆಯ ಮೊತ್ತ, ದರ ನಿಗದಿಯ ನಿಯಮ ಮತ್ತು ದಂಡ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಕಾರು ವಿಮೆಯನ್ನು ಮೊದಲು ಕಡ್ಡಾಯಗೊಳಿಸಿದ ರಾಜ್ಯ ಮ್ಯಾಸಚೂಸೆಟ್ಸ್. ಅಲ್ಲಿನ ಕಾನೂನು 1927ರಲ್ಲಿ ಜಾರಿಗೆ ಬಂದಿತು. ಇಂದು ನ್ಯೂ ಹ್ಯಾಂಪ್‌ಶೈರ್ ಹೊರತುಪಡಿಸಿ ಉಳಿದ ರಾಜ್ಯಗಳಲ್ಲಿ ವಿಮೆ ಕಡ್ಡಾಯವಾಗಿದೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿಯೂ ಅಪಘಾತದ ನಷ್ಟವನ್ನು ಭರಿಸುವ ಹೊಣೆ ಚಾಲಕನದೇ.

ಕಡ್ಡಾಯವಾಗಿರುವುದು ಇತರರಿಗಾಗುವ ಹಾನಿಯನ್ನು ಭರಿಸುವ ಹೊಣೆಗಾರಿಕೆ ವಿಮೆ. ಉದಾಹರಣೆಗೆ, ಕ್ಯಾಲಿಫೋರ್ನಿಯದಲ್ಲಿ 2025ರ ಜನವರಿ 1ರಿಂದ ಒಬ್ಬ ವ್ಯಕ್ತಿಯ ಗಾಯ ಅಥವಾ ಸಾವಿಗೆ 30,000 ಡಾಲರ್, ಒಂದು ಅಪಘಾತದಲ್ಲಿ ಒಟ್ಟು 60,000 ಡಾಲರ್ ಹಾಗೂ ಆಸ್ತಿಹಾನಿಗೆ 15,000 ಡಾಲರ್ ಕನಿಷ್ಠ ಮೊತ್ತವಾಗಿದೆ. ಟೆಕ್ಸಸ್‌ನಲ್ಲಿ ಇವು ಕ್ರಮವಾಗಿ 30,000, 60,000 ಮತ್ತು 25,000 ಡಾಲರ್. ಚಾಲಕನ ವಲಸೆ ಸ್ಥಿತಿ ಏನೇ ಇರಲಿ, ರಸ್ತೆಗಿಳಿದ ವಾಹನಕ್ಕೆ ಈ ನಿಯಮ ಅನ್ವಯಿಸುತ್ತದೆ.

ಸಂಖ್ಯೆಯನ್ನು ಕೇಳುವ ಕಾರಣಗಳು

ವಿಮಾ ಕಂಪನಿಗಳು ಈ ಸಂಖ್ಯೆಯನ್ನು ಮೂರು ಉದ್ದೇಶಗಳಿಗೆ ಬಳಸುತ್ತವೆ. ಮೊದಲನೆಯದು ಅರ್ಜಿದಾರನ ಗುರುತನ್ನು ಖಚಿತಪಡಿಸಿಕೊಳ್ಳುವುದು. ಎರಡನೆಯದು, ಆತ ಹಿಂದೆ ಸಲ್ಲಿಸಿದ ಪರಿಹಾರದ ಕ್ಲೇಮುಗಳನ್ನು ಪತ್ತೆಹಚ್ಚುವುದು. ಮೂರನೆಯದು ಸಾಲ ಮರುಪಾವತಿಯ ಇತಿಹಾಸದ ಆಧಾರದ ಮೇಲೆ ವಿಮಾ ಅಂಕವನ್ನು ಲೆಕ್ಕಹಾಕುವುದು. ಸಕಾಲದಲ್ಲಿ ಸಾಲ ತೀರಿಸುವವರು ಕಡಿಮೆ ಕ್ಲೇಮು ಸಲ್ಲಿಸುತ್ತಾರೆಂಬುದು ಕಂಪನಿಗಳ ವಾದ. ಅಮೇರಿಕದಲ್ಲಿ ಸಾಲದ ಇತಿಹಾಸವೇ ಇಲ್ಲದ ಹೊಸ ವಲಸಿಗನು ಇದರಿಂದಾಗಿ, ತಾನು ಎಷ್ಟೇ ಎಚ್ಚರಿಕೆಯ ಚಾಲಕನಾಗಿದ್ದರೂ, ಹೆಚ್ಚಿನ ಕಂತು ತೆರಬೇಕಾಗಬಹುದು.

ಕ್ಯಾಲಿಫೋರ್ನಿಯ, ಹವಾಯಿ ಮತ್ತು ಮ್ಯಾಸಚೂಸೆಟ್ಸ್ ರಾಜ್ಯಗಳಲ್ಲಿ ಕಾರು ವಿಮೆಯ ದರ ನಿಗದಿಗೆ ಸಾಲದ ಇತಿಹಾಸವನ್ನು ಬಳಸುವಂತಿಲ್ಲ. ಕ್ಯಾಲಿಫೋರ್ನಿಯದಲ್ಲಿ 1988ರ ಪ್ರಾಪೊಸಿಷನ್ 103ರ ಪ್ರಕಾರ ಚಾಲನಾ ದಾಖಲೆ, ವರ್ಷಕ್ಕೆ ಓಡಿಸುವ ದೂರ ಮತ್ತು ಚಾಲನಾ ಅನುಭವದ ವರ್ಷಗಳೇ ದರದ ಪ್ರಧಾನ ಆಧಾರಗಳು. ಚಾಲಕನ ಸಂಚಾರಿ ಅಪರಾಧಗಳ ದಾಖಲೆಯನ್ನು ಪರವಾನಗಿಯ ಸಂಖ್ಯೆಯಿಂದಲೇ ಪಡೆಯಬಹುದು. ಅದಕ್ಕೆ ಸಾಮಾಜಿಕ ಭದ್ರತಾ ಸಂಖ್ಯೆ ಅನಿವಾರ್ಯವಲ್ಲ.

ಚಾಲನಾ ಪರವಾನಗಿ

ವಿಮೆಗಿಂತ ಮೊದಲು ಎದುರಾಗುವ ಪ್ರಶ್ನೆ ಪರವಾನಗಿಯದು. ವಲಸೆ ದಾಖಲೆಗಳಿಲ್ಲದವರಿಗೂ ಪರವಾನಗಿ ಅಥವಾ ಚಾಲನಾ ಅನುಮತಿ ಚೀಟಿ ನೀಡುವ ರಾಜ್ಯಗಳಲ್ಲಿ ವಾಷಿಂಗ್ಟನ್, ನ್ಯೂ ಮೆಕ್ಸಿಕೊ, ಯೂಟಾ, ಇಲಿನಾಯ್, ಕ್ಯಾಲಿಫೋರ್ನಿಯ ಮತ್ತು ನ್ಯೂಯಾರ್ಕ್ ಸೇರಿವೆ. ಕ್ಯಾಲಿಫೋರ್ನಿಯದಲ್ಲಿ ಎಬಿ 60 ಎಂದು ಕರೆಯಲಾಗುವ ಕಾನೂನಿನಡಿ ಇಂತಹ ಪರವಾನಗಿ 2015ರ ಜನವರಿಯಿಂದ ದೊರೆಯುತ್ತಿದೆ. ನ್ಯೂಯಾರ್ಕ್‌ನ ಗ್ರೀನ್ ಲೈಟ್ ಕಾನೂನು 2019ರ ಡಿಸೆಂಬರ್‌ನಲ್ಲಿ ಜಾರಿಯಾಯಿತು. ದಾಖಲೆಗಳಿಲ್ಲದವರಿಗೆ ಹೀಗೆ ನೀಡಲಾಗುವ ಪರವಾನಗಿಗಳು 2005ರ ರಿಯಲ್ ಐಡಿ ಕಾಯಿದೆಯ ಮಾನದಂಡಕ್ಕೆ ಒಳಪಡುವುದಿಲ್ಲ. ಆದ್ದರಿಂದ ವಿಮಾನ ನಿಲ್ದಾಣದ ತಪಾಸಣೆಯಂತಹ ಒಕ್ಕೂಟ ಸರ್ಕಾರದ ಕಾರ್ಯಗಳಿಗೆ ಅವು ಗುರುತಿನ ಪತ್ರವಾಗುವುದಿಲ್ಲ. ವಾಹನ ಚಲಾಯಿಸಲು ಮತ್ತು ವಿಮೆ ಪಡೆಯಲು ಉಪಯೋಗವಾಗುತ್ತವೆ.

ಟೆಕ್ಸಸ್ ಮತ್ತು ಫ್ಲಾರಿಡ ಇಂತಹ ಪರವಾನಗಿ ನೀಡುವುದಿಲ್ಲ. ಅಂತಹ ಕಡೆಗಳಲ್ಲಿಯೂ ಕೆಲವು ಕಂಪನಿಗಳು ವಿದೇಶಿ ಪರವಾನಗಿ, ಪಾಸ್‌ಪೋರ್ಟ್ ಅಥವಾ ಮೆಕ್ಸಿಕೊದ ದೂತಾವಾಸ ಕಚೇರಿ ನೀಡುವ ಗುರುತಿನ ಚೀಟಿಯ ಆಧಾರದ ಮೇಲೆ ವಿಮೆ ನೀಡುತ್ತವೆ. ಆದರೆ ವಿಮೆ ಇರುವುದರಿಂದ ಪರವಾನಗಿಯಿಲ್ಲದ ಚಾಲನೆ ಸಕ್ರಮವಾಗುವುದಿಲ್ಲ.

ಅಂತರರಾಷ್ಟ್ರೀಯ ಚಾಲನಾ ಪರವಾನಗಿಯು ಮೂಲ ಪರವಾನಗಿಯ ಅಧಿಕೃತ ಅನುವಾದವಿದ್ದಂತೆ. ಮೂಲ ಪರವಾನಗಿಯೊಂದಿಗೆ ಮಾತ್ರ ಅದಕ್ಕೆ ಬೆಲೆ. ಪ್ರವಾಸಿಗೆ ಅದು ಸಾಕಾಗಬಹುದಾದರೂ, ರಾಜ್ಯವೊಂದರ ನಿವಾಸಿಯಾದವನು ಅಲ್ಲಿನ ಪರವಾನಗಿಯನ್ನು ನಿಗದಿತ ಅವಧಿಯೊಳಗೆ ಪಡೆಯಬೇಕು. ಈ ಅವಧಿ ಕ್ಯಾಲಿಫೋರ್ನಿಯದಲ್ಲಿ 10 ದಿನಗಳು, ಟೆಕ್ಸಸ್‌ನಲ್ಲಿ 90 ದಿನಗಳು.

ಅರ್ಜಿ ಸಲ್ಲಿಸುವ ಕ್ರಮ

ಅಂತರಜಾಲದ ಅರ್ಜಿ ನಮೂನೆಗಳಲ್ಲಿ ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟರೆ ಕೆಲವೊಮ್ಮೆ ಮುಂದುವರಿಯಲು ಆಗುವುದಿಲ್ಲ. ಆಗ ಕಂಪನಿಗೆ ದೂರವಾಣಿ ಮಾಡುವುದು ಅಥವಾ ಹಲವು ಕಂಪನಿಗಳ ಪಾಲಿಸಿ ಮಾರುವ ಸ್ವತಂತ್ರ ಏಜೆಂಟರನ್ನು ಕಾಣುವುದು ವಾಡಿಕೆ. ಸಾಮಾನ್ಯವಾಗಿ ಕೇಳಲಾಗುವ ಮಾಹಿತಿ ಮತ್ತು ದಾಖಲೆಗಳು ಇವು:

• ಚಾಲನಾ ಪರವಾನಗಿ (ರಾಜ್ಯದ್ದು ಅಥವಾ ವಿದೇಶದ್ದು) ಮತ್ತು ಪಾಸ್‌ಪೋರ್ಟ್
• ವಾಹನದ ನೋಂದಣಿ ಪತ್ರ ಹಾಗೂ 17 ಅಕ್ಷರ-ಅಂಕಿಗಳ ವಾಹನ ಗುರುತು ಸಂಖ್ಯೆ
• ವಾಸದ ವಿಳಾಸ
• ಮನೆಯಲ್ಲಿರುವ ಚಾಲಕರೆಲ್ಲರ ವಿವರ
• ಹಿಂದಿನ ವಿಮೆಯ ದಾಖಲೆ, ಇದ್ದಲ್ಲಿ

ಕೆಲವು ಕಂಪನಿಗಳು ವೈಯಕ್ತಿಕ ತೆರಿಗೆದಾರ ಗುರುತು ಸಂಖ್ಯೆಯನ್ನು (ಐಟಿಐಎನ್) ಬದಲಿಯಾಗಿ ಸ್ವೀಕರಿಸುತ್ತವೆ. ತೆರಿಗೆ ಇಲಾಖೆಯು ಇದನ್ನು 1996ರಿಂದ ನೀಡುತ್ತಿದ್ದು, ಇದೂ ಒಂಬತ್ತು ಅಂಕಿಗಳದು, 9ರಿಂದ ಆರಂಭವಾಗುತ್ತದೆ. ಅದರ ಉದ್ದೇಶ ತೆರಿಗೆ ಸಲ್ಲಿಕೆ ಮಾತ್ರ. ಅದು ಉದ್ಯೋಗದ ಅನುಮತಿಯನ್ನಾಗಲಿ ವಲಸೆಯ ಹಕ್ಕನ್ನಾಗಲಿ ನೀಡುವುದಿಲ್ಲ.

ಸಾಮಾನ್ಯ ಮಾರುಕಟ್ಟೆಯಲ್ಲಿ ವಿಮೆ ದೊರೆಯದವರಿಗಾಗಿ ರಾಜ್ಯಗಳು ವಿಶೇಷ ಯೋಜನೆಗಳನ್ನು ನಡೆಸುತ್ತವೆ; ಇವುಗಳಲ್ಲಿ ತಿರಸ್ಕೃತ ಅರ್ಜಿಗಳನ್ನು ಕಂಪನಿಗಳ ನಡುವೆ ಹಂಚಲಾಗುತ್ತದೆ. ಕ್ಯಾಲಿಫೋರ್ನಿಯದಲ್ಲಿ ಇದಲ್ಲದೆ ಕಡಿಮೆ ಆದಾಯದ ಉತ್ತಮ ಚಾಲಕರಿಗೆ ಅಗ್ಗದ ವಿಮಾ ಯೋಜನೆಯೊಂದಿದ್ದು, ಅದಕ್ಕೆ ವಲಸೆ ಸ್ಥಿತಿಯ ನಿರ್ಬಂಧವಿಲ್ಲ.

ತಪ್ಪು ಮಾಹಿತಿಯ ಪರಿಣಾಮ

ಇನ್ನೊಬ್ಬರ ಸಾಮಾಜಿಕ ಭದ್ರತಾ ಸಂಖ್ಯೆಯನ್ನು ತನ್ನದೆಂದು ಹೇಳಿ ವಂಚಿಸುವುದು ಒಕ್ಕೂಟ ಕಾನೂನಿನ ಪ್ರಕಾರ ಅಪರಾಧ. ವಲಸಿಗನಿಗೆ ಇದು ವೀಸಾದ ಮೇಲೂ ಪರಿಣಾಮ ಬೀರಬಹುದು. ಕಂತು ಕಡಿಮೆಯಾಗಲೆಂದು ಸ್ನೇಹಿತರ ಅಥವಾ ಸಂಬಂಧಿಕರ ಹೆಸರಿನಲ್ಲಿ ಪಾಲಿಸಿ ಮಾಡಿಸಿ, ನಿತ್ಯ ಚಲಾಯಿಸುವವರ ಹೆಸರನ್ನು ಮರೆಮಾಚುವುದೂ ಅಪಾಯಕರ. ಮುಖ್ಯ ವಿಷಯವನ್ನು ಮುಚ್ಚಿಟ್ಟದ್ದು ಅಪಘಾತದ ನಂತರ ಬೆಳಕಿಗೆ ಬಂದರೆ ಕಂಪನಿಯು ಪಾಲಿಸಿಯನ್ನು ರದ್ದುಗೊಳಿಸಿ ಪರಿಹಾರ ನಿರಾಕರಿಸಬಹುದು. ಆಗ ಕಂತು ಕಟ್ಟಿದ್ದೂ ವ್ಯರ್ಥವಾಗಿ, ನಷ್ಟದ ಹೊರೆ ಚಾಲಕನ ಮೇಲೆ ಬೀಳುತ್ತದೆ.

ವಿಮೆಯಿಲ್ಲದ ಚಾಲನೆಗೆ ದಂಡ, ಪರವಾನಗಿಯ ಅಮಾನತು ಮತ್ತು ವಾಹನದ ಜಪ್ತಿಯಂತಹ ಶಿಕ್ಷೆಗಳು ರಾಜ್ಯಾನುಸಾರ ಇವೆ. ಕ್ಯಾಲಿಫೋರ್ನಿಯದಲ್ಲಿ 1996ರ ಪ್ರಾಪೊಸಿಷನ್ 213ರ ಪ್ರಕಾರ, ತಪ್ಪು ಎದುರಿನ ವಾಹನದವರದ್ದಾಗಿದ್ದರೂ, ವಿಮೆಯಿಲ್ಲದ ಚಾಲಕನಿಗೆ ನೋವು ಮತ್ತು ಯಾತನೆಗೆ ಸಾಮಾನ್ಯವಾಗಿ ಪರಿಹಾರ ದೊರೆಯುವುದಿಲ್ಲ. ವೈದ್ಯಕೀಯ ವೆಚ್ಚದಂತಹ ಆರ್ಥಿಕ ನಷ್ಟವನ್ನಷ್ಟೇ ಕೇಳಬಹುದು.

ಭಾರತೀಯ ವಲಸಿಗರು

ಕರ್ನಾಟಕವೂ ಸೇರಿದಂತೆ ಭಾರತದಿಂದ ಹೋದವರಲ್ಲಿ ಈ ಸಮಸ್ಯೆಯನ್ನು ಹೆಚ್ಚಾಗಿ ಎದುರಿಸುವವರು ಎಚ್-4 ವೀಸಾದ ಅವಲಂಬಿತರು ಮತ್ತು ಎಫ್-1 ವೀಸಾದ ವಿದ್ಯಾರ್ಥಿಗಳು. ಎಚ್-1ಬಿ ನೌಕರನಿಗೆ ಸಂಖ್ಯೆ ದೊರೆಯುತ್ತದೆ; ಆತನ ಅಥವಾ ಆಕೆಯ ಸಂಗಾತಿಗೆ ಉದ್ಯೋಗದ ಅನುಮತಿ ಇಲ್ಲದಿದ್ದರೆ ದೊರೆಯುವುದಿಲ್ಲ. ಹಸಿರು ಚೀಟಿಯ ಪ್ರಕ್ರಿಯೆ ನಿರ್ದಿಷ್ಟ ಹಂತ ತಲುಪಿರುವ ಕುಟುಂಬಗಳಲ್ಲಿ ಎಚ್-4 ಸಂಗಾತಿಗಳು ಈ ಅನುಮತಿಗೆ ಅರ್ಜಿ ಸಲ್ಲಿಸುವ ಅವಕಾಶ 2015ರಲ್ಲಿ ಬಂದಿತು. ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯದ ಆವರಣದಲ್ಲಿ ಕೆಲಸ ಅಥವಾ ಅಧಿಕೃತ ತರಬೇತಿ ಉದ್ಯೋಗ ದೊರೆತ ಮೇಲೆ ಸಂಖ್ಯೆ ಸಿಗುತ್ತದೆ. ಸಂಖ್ಯೆಗೆ ಅರ್ಹರಲ್ಲದವರಿಗೆ ಸಾಮಾಜಿಕ ಭದ್ರತಾ ಕಚೇರಿಯು ಆ ಕುರಿತು ಪತ್ರ ನೀಡುತ್ತದೆ. ಕೆಲವು ರಾಜ್ಯಗಳ ಪರವಾನಗಿ ಕಚೇರಿಗಳು ಇದನ್ನು ಕೇಳುತ್ತವೆ.

ಭಾರತದಲ್ಲಿ 1988ರ ಮೋಟಾರು ವಾಹನ ಕಾಯಿದೆಯಂತೆ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯವಾಗಿದ್ದು, ಅದರ ದರ ಮುಖ್ಯವಾಗಿ ವಾಹನದ ಬಗೆಯನ್ನು ಅವಲಂಬಿಸಿದೆ. ಅಮೇರಿಕದಲ್ಲಿ ಚಾಲಕನ ಇತಿಹಾಸಕ್ಕೂ ಹೆಚ್ಚಿನ ತೂಕವಿದೆ. ಭಾರತದಲ್ಲಿ ಹಲವು ವರ್ಷ ಕಾರು ಓಡಿಸಿದವರನ್ನೂ ಅನೇಕ ಕಂಪನಿಗಳು ಹೊಸ ಚಾಲಕರೆಂದೇ ಪರಿಗಣಿಸುತ್ತವೆ. ವಿದೇಶಿ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕಂಪನಿಗಳೂ ಇರುವುದರಿಂದ, ಮೂಲ ಪರವಾನಗಿಯನ್ನೂ ಭಾರತದ ವಿಮಾ ಕಂಪನಿ ನೀಡುವ ನೋ ಕ್ಲೇಮ್ ಬೋನಸ್ ಪತ್ರವನ್ನೂ ಜೊತೆಗಿಟ್ಟುಕೊಳ್ಳುವುದು ಉಪಯುಕ್ತ. ಒಮ್ಮೆ ವಿಮೆ ಪಡೆದ ಮೇಲೆ ಅದನ್ನು ನಡುವೆ ಬಿಡದೆ ಮುಂದುವರಿಸಿದರೆ ಮತ್ತು ಚಾಲನಾ ದಾಖಲೆ ನಿರ್ಮಲವಾಗಿದ್ದರೆ ಮುಂದಿನ ವರ್ಷಗಳಲ್ಲಿ ಕಂತು ಇಳಿಯುವ ಸಂಭವವಿದೆ. ತರುವಾಯ ಸಾಮಾಜಿಕ ಭದ್ರತಾ ಸಂಖ್ಯೆ ದೊರೆತರೆ ಕಂಪನಿಗೆ ತಿಳಿಸಿ ದರವನ್ನು ಮರುಪರಿಶೀಲಿಸುವಂತೆ ಕೋರಬಹುದು.

ಇವನ್ನೂ ನೋಡಿ

• ವಾಹನ ವಿಮೆ
• ಚಾಲನಾ ಪರವಾನಗಿ
• ಎಚ್-1ಬಿ ವೀಸಾ